ನಂದಗಡದ ದಾರಿಗೆ ಎರಡು ಶಾಕ್ ಅಬ್ಸಾರ್ಬರ್

ಏಳು ತಿಂಗಳು ತುಂಬಿದ ದಾನೇಶ್ವರಿಗೆ ಹೇಗಾದರೂ ಮಾಡಿ ನಂದಗಡಕ್ಕೆ ಹೋಗಬೇಕಿತ್ತು. ಅಲ್ಲಿ ಅವಳ ಅಜ್ಜಿ ಭರಮವ್ವ ಹಾಸಿಗೆ ಹಿಡಿದು ವರ್ಷವಾಗಿತ್ತು. ಅವ್ವ ಶಿವಬಸವ್ವ ಹೊಲದ ಕೆಲಸಕ್ಕೆ ಹೋದಾಗೆಲ್ಲ ದಾನೇಶ್ವರಿಯನ್ನು ಎತ್ತಿ ಆಡಿಸಿ, ಉಣಿಸಿ ಬೆಳೆಸಿದವಳು ಈ ಅಜ್ಜಿಯೇ. ಈಗ ಫೋನಿನಲ್ಲಿ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಆದರೂ ದಿನಾ ಫೋನು ಇಸಿದುಕೊಂಡು ಒಂದೇ ಮಾತು ಕೇಳುತ್ತಿದ್ದಳು: “ದಾನಿ, ಎಂದ ಬರ್ತಿ?”

ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಡಾಕ್ಟರು ಅವಳನ್ನು ಬೆಳಗಾವಿಯ ಮನೆಯಿಂದ ಕದಲಗೊಟ್ಟಿರಲಿಲ್ಲ. ಕೊನೆಗೆ ಅವಳ ಕಾಟ ತಾಳಲಾರದೆ ಒಂದು ದಿನದ ಮಟ್ಟಿಗೆ ಒಪ್ಪಿದರು. “ಗಾಡಿ ಕುಲುಕಬಾರ್ದು. ಕೆಟ್ಟ ರಸ್ತಾ ಬಂತಂದ್ರ ಸುಮ್ನ ಹಿಂದಕ್ಕ ತಿರಗ್ರಿ,” ಎಂದರು.

ಮನೆಯ ಹಳೆಯ ಕಾರೋ, ಒಂದು ಹಂಪು ದಾಟಿದರೆ ಹಿಂಭಾಗ ನಾಲ್ಕು ಸಲ ಕುಣಿಯುತ್ತಿತ್ತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಸತ್ತಿವೆ ಎಂದು ದಾನೇಶ್ವರಿಗೆ ಗೊತ್ತಿತ್ತು. ಅವಳು ಐಟಿಐಯಲ್ಲಿ ಹುಡುಗರಿಗೆ ಮೋಟಾರು ಕೆಲಸ ಕಲಿಸುವವಳು. ಗ್ಯಾರೇಜಿನವರು ಹತ್ತು ದಿನ ಕಾಯಿರಿ ಅಂದಾಗ ಅವಳು ಹೊಸ ಜೋಡಿಯನ್ನು ಮನೆಗೇ ತರಿಸಿದಳು. ಆದರೆ ಬಗ್ಗುವಂತಿರಲಿಲ್ಲ. ಬಗ್ಗಬೇಕಾದವನು ಗಂಡ ವಿನಯ, ಹೈಸ್ಕೂಲಿನ ಕನ್ನಡ ಮೇಷ್ಟ್ರು. ಜೀವಮಾನದಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದವನಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅವಳು ಕುರ್ಚಿ ಹಾಕಿಸಿಕೊಂಡು ಕುಳಿತಳು. ಮುಂದಿನ ಗಾಲಿಗಳಿಗೆ ಕಲ್ಲು ಕೊಡಿಸಿದಳು. ಕಾರನ್ನು ಜ್ಯಾಕಿನಿಂದ ಎತ್ತಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿ ಬಿಚ್ಚಿಸಿ, ಆಕ್ಸಲ್ ಕೆಳಗೆ ಬೇರೆ ಜ್ಯಾಕ್ ಇಡಿಸಿದಳು. ಮೇಲಿನ ನಟ್ಟು ಡಿಕ್ಕಿಯೊಳಗಿತ್ತು, ಸಲೀಸಾಗಿ ಬಂತು. ಕೆಳಗಿನ ಬೋಲ್ಟು ಮಾತ್ರ ತುಕ್ಕು ಹಿಡಿದು ಕೂತಿತ್ತು.

“ಎಣ್ಣಿ ಬಿಟ್ಟು ಹತ್ತು ಮಿನಿಟ್ ತಡಿ. ಎಳದ ಕೂಡ್ಲೇ ಬಿಡಾಕ ಇದೇನ ಸವರ್ಣದೀರ್ಘ ಸಂಧಿ ಅಲ್ಲ,” ಎಂದಳು.

ವಿನಯ ನಕ್ಕ. ಅವನ ಗಲ್ಲಕ್ಕೆ ಮಸಿ ಹತ್ತಿತ್ತು. ಬೋಲ್ಟು ಕೊನೆಗೂ ಕಿರ್ರೆಂದು ತಿರುಗಿತು. ಹಳೆಯದನ್ನು ಅವಳ ಕೈಗೆ ಕೊಟ್ಟ. ಮೈಯೆಲ್ಲ ಎಣ್ಣೆ ಸೋರಿದ್ದ ಅದರ ದಂಡವನ್ನು ಒತ್ತಿದರೆ ಒಳಗೆ ಹೋಗಿ ಅಲ್ಲೇ ಉಳಿಯಿತು. ಹೊಸದನ್ನು ಒತ್ತಿ ನೋಡಿದಳು. ಅದು ಅವಳ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿತು. ಎಷ್ಟೋ ತಿಂಗಳ ಮೇಲೆ ಕೈಗೆ ಕಬ್ಬಿಣ ಸಿಕ್ಕಿತ್ತು. ಕೂಡಲೇ ಕೊಡಲು ಮನಸ್ಸಾಗಲಿಲ್ಲ.

ಹೊಸದರ ಕೆಳತೂತು ಆಕ್ಸಲಿನ ತೂತಿಗೆ ಅರ್ಧ ಬೆರಳು ತಪ್ಪಿ ನಿಂತಿತು. ವಿನಯ ತಳ್ಳಿದ, ಎಳೆದ, ಬೆವೆತ. ತಡೆಯಲಾರದೆ ಅವಳು ಕುರ್ಚಿಯ ಕೈ ಊರಿ ಎದ್ದಳು.

“ದಾನೇಶ್ವರಿ, ಕುಂದ್ರು,” ಎಂದ ಅವನು ಕಾರಿನ ಕೆಳಗಿಂದಲೇ.

ಅವಳು ಕುಳಿತಳು. “ಜ್ಯಾಕ್ ಒಂದೆರಡ ಸಲ ಒತ್ತು. ಆಕ್ಸಲ್ ಏರಿದ್ರ ತೂತು ತಾನ ಕೂಡತೈತಿ.”

ಬೋಲ್ಟು ಒಳಗೆ ಜಾರಿತು. ಅವನು ಹುಮ್ಮಸ್ಸಿನಿಂದ ಬಿಗಿಯಲು ಹೊರಟಾಗ ತಡೆದಳು. “ಈಗ ಪೂರ್ತಿ ಬಿಗೀಬ್ಯಾಡ. ಗಾಲಿ ನೆಲಕ್ಕ ಊರಿ ಭಾರ ಬಿದ್ದ ಮ್ಯಾಲ ಬಿಗೀಬೇಕು. ಜೋತಾಡೂವಾಗ ಬಿಗದ್ರ ಒಳಗಿನ ರಬ್ಬರ್ ತಿರುಚಿಕೊಂಡು ಹರೀತೈತಿ.”

ಎರಡನೆಯ ಬದಿಗೆ ಅವಳು ಹೆಚ್ಚು ಹೇಳಬೇಕಾಗಲಿಲ್ಲ.

ಮಧ್ಯಾಹ್ನ ಹೊರಟರು. ಅವಳು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದಳು. ಖಾನಾಪುರದವರೆಗೆ ಕಾರು ನೀರಿನ ಮೇಲೆ ಹೋದಂತೆ ಹೋಯಿತು. ಹಂಪು ಬಂದರೆ ಒಮ್ಮೆ ಏರಿ, ಒಮ್ಮೆ ಇಳಿದು, ಸುಮ್ಮನಾಗುತ್ತಿತ್ತು. ಅವಳು ಆಗಲೇ ಮನಸ್ಸಿನಲ್ಲಿ ನಂದಗಡದ ಮನೆಯ ಹೊಸ್ತಿಲು ದಾಟಿ, ಅಜ್ಜಿಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

ಖಾನಾಪುರ ದಾಟಿ ನಂದಗಡದ ಕಡೆ ಮೂರು ಕಿಲೋಮೀಟರ್ ಹೋಗಿರಬೇಕು, ಪೈಪು ಹಾಕಲು ರಸ್ತೆ ಅಗೆದಿದ್ದರು. ಮೊದಲ ಗುಂಡಿಯನ್ನು ಕಾರು ನುಂಗಿಕೊಂಡಿತು. ಎರಡನೆಯದಕ್ಕೆ ಅವಳ ಕಿಬ್ಬೊಟ್ಟೆ ಹಿಡಿದು ಬಿಟ್ಟಿತು. ವಿನಯ ಇಳಿದು ಮುಂದೆ ನಡೆದು ನೋಡಿ ಬಂದ.

“ಇನ್ನೂ ಒಂದು ಕಿಲೋಮೀಟರ್ ಹಿಂಗ ಐತಿ. ಬೇಕಾದ್ರ ನಡದಷ್ಟ ಸಾವಕಾಶ ಹೊಡಿತೀನಿ.”

ದಾನೇಶ್ವರಿ ಕಿಟಕಿಯಿಂದ ಆಚೆ ನೋಡಿದಳು. ಭತ್ತದ ಗದ್ದೆಗಳ ಆಚೆ ಊರು. ಹೆಚ್ಚೆಂದರೆ ಏಳು ಕಿಲೋಮೀಟರ್. ಶಾಲೆಗೆ ಹೋಗುವಾಗ ಈ ದಾರಿಯಲ್ಲಿ ಸೈಕಲ್ ತುಳಿದವಳು ಅವಳು. ಕಿಟಕಿಯಿಂದ ಮುಖ ತಿರುಗಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

“ತಿರಗಸು,” ಎಂದಳು.

ಖಾನಾಪುರದ ಬಸ್ ಸ್ಟ್ಯಾಂಡಿನ ಬಾಜು ಮರದ ನೆರಳಿಗೆ ಕಾರು ನಿಲ್ಲಿಸಿ ಅವ್ವನಿಗೆ ಫೋನು ಮಾಡಿದರು. ಮುಕ್ಕಾಲು ಗಂಟೆಯಲ್ಲಿ ಶಿವಬಸವ್ವ ಬಸ್ಸಿಳಿದು ಬಂದಳು. ಅತ್ತೆ ಭರಮವ್ವನ ಬಳಿ ಪಕ್ಕದ ಮನೆಯವಳನ್ನು ಕೂರಿಸಿ ಬಂದಿದ್ದಳು. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕುಳಿತು ಡಬ್ಬಿ ಬಿಚ್ಚಿ ಕಡಲೆಹಿಟ್ಟಿನ ಜುಣಕದ ವಡಿ ತಿನ್ನಿಸಿದಳು. ವಿನಯ ಚಹಾ ತರುವ ನೆಪದಲ್ಲಿ ದೂರ ಹೋದ.

“ಅಜ್ಜಿಗೆ ಹೇಳಿದ್ಯಾ?” ಎಂದು ಕೇಳಿದಳು ದಾನೇಶ್ವರಿ.

“ಕಿವ್ಯಾಗ ಒದರಿ ಹೇಳೀನಿ, ದಾನಿ ಖಾನಾಪುರತನಕಾ ಬಂದಾಳ ಅಂತ.”

“ಏನಂದ್ಲು?”

ಶಿವಬಸವ್ವ ಡಬ್ಬಿಯ ಮುಚ್ಚಳ ಒರೆಸುತ್ತ ಕುಳಿತಳು. “ನಕ್ಕಳು. ಅಷ್ಟ ಕೇಳಿಸೈತಿ ನೋಡು, ಬಂದೀ ಅನ್ನೂದು. ‘ಬಾಗಲಾ ಮುಚ್ಚಬ್ಯಾಡ್ರಿ’ ಅಂದ್ಲು.”

“ಮತ್ತ ನೀ?”

“ತಗದ ಇಟ್ಟು ಬಂದೀನಿ.”

ದಾನೇಶ್ವರಿ ಅವ್ವನ ಹೆಗಲಿಗೆ ಹಣೆ ಹಚ್ಚಿದಳು. ಹೊಟ್ಟೆಯೊಳಗಿನ ಕೂಸು ಒದೆಯಿತು. ಶಿವಬಸವ್ವ ಅಂಗೈ ಅಲ್ಲಿಟ್ಟು, “ಇಕಾ, ಈ ಕೈಲೇ ಹೋಗಿ ಅಕೀ ಕೈ ಹಿಡಿತೀನಿ,” ಎಂದಳು.

ಐದು ಗಂಟೆಯ ಬಸ್ಸಿಗೆ ಶಿವಬಸವ್ವ ಹತ್ತಿದಳು. ಬಸ್ಸು ನಂದಗಡದ ಕಡೆ ತಿರುಗುವವರೆಗೂ ದಾನೇಶ್ವರಿ ಹಿಂದಿನ ಕಿಟಕಿಯಿಂದ ನೋಡುತ್ತಲೇ ಇದ್ದಳು. ಆಮೇಲೆ ವಿನಯ ಬೆಳಗಾವಿಯ ಕಡೆ ಕಾರು ತಿರುಗಿಸಿದ.