ಅಣ್ಣನ ಬೆಸುಗೆ

"ಒಂದೇ ಒಂದು ಪಾರ್ಟ್ ಸೇರಿಸು, ಸಾಕು. ಅಣ್ಣ ಹಾಕಿದ ಬೆಸುಗೆ ಮಾತ್ರ ಮುಟ್ಬೇಡಮ್ಮ," ಎಂದು ಹೇಳಿ ಮಗಳು ಕೆಲಸಕ್ಕೆ ಹೊರಟಳು. ಚಪ್ಪಲಿ ಮೆಟ್ಟಿದವಳು ಮತ್ತೆ ಬಾಗಿಲಿಗೆ ಬಂದು, "ಆಣೆ ಮಾಡು," ಎಂದಳು.

"ಕಾರ್ಖಾನೇಲಿ ಬೆಸುಗೆ ಹಾಕ್ಕೊಂಡೇ ನಿಮ್ಮಿಬ್ಬರನ್ನೂ ಸಾಕಿದೋಳು ನಾನು. ನಂಗೇ ಪಾಠ ಹೇಳ್ತೀಯೇನೇ? ಆಯ್ತು, ನಿನ್ನಾಣೆ ಮುಟ್ಟಲ್ಲ. ಹೋಗು, ಬಸ್ಸು ತಪ್ಪುತ್ತೆ."

ಅದು ಗಿಟಾರಿನ ಪೆಡಲ್. ಕಾಲಲ್ಲಿ ಒತ್ತಿದರೆ ತಂತಿಯ ದನಿ ಅಲೆಅಲೆಯಾಗಿ ತೂಗುತ್ತದೆ. ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಮಗ ತಾನೇ ಬೆಸೆದು ಕೂರಿಸಿದ್ದ. ಅದಕ್ಕೆ ಎರಡೇ ವೇಗ, ನಿಧಾನ ಮತ್ತು ಜೋರು. ಒಂದರಿಂದ ಇನ್ನೊಂದಕ್ಕೆ ಧಡಕ್ಕನೆ ಹಾರುತ್ತಿತ್ತು. "ಫ್ಯಾನ್ ಆರಿಸಿದ್ರೆ ಹೇಗೆ ಮೆಲ್ಲಗೆ ನಿಲ್ಲುತ್ತೆ, ಹಾಗಾಗ್ಬೇಕಮ್ಮ. ನನ್ನ ಹಾಡಿನ ಕೊನೆ ಇರೋದೇ ಹಾಗೆ," ಎನ್ನುತ್ತಿದ್ದ. ಅಷ್ಟರಲ್ಲಿ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡು ಹೋದವನನ್ನು ಹೊತ್ತುಕೊಂಡು ತಂದರು. ಆ ಹಾಡಿನ ಕೊನೆಯನ್ನು ಈಗ ತಂಗಿ ನುಡಿಸಬೇಕಿತ್ತು.

ತಾಯಿ ಮುಚ್ಚಳ ಬಿಚ್ಚಿ ಬೋರ್ಡನ್ನು ಮಗುಚಿದಳು. ಬೆಸುಗೆಯೆಲ್ಲ ಗಡ್ಡೆಗಡ್ಡೆ. ಒಂದು ಕಡೆ ಬೆರಳು ಸುಟ್ಟುಕೊಂಡು ಬೆಚ್ಚಿರಬೇಕು, ಸೀಸ ಬಾಲದಂತೆ ಎಳೆದುಕೊಂಡಿತ್ತು. "ಇದು ಬೆಸುಗೆನೋ, ಗುಬ್ಬಿ ಹಿಕ್ಕೆನೋ?" ಎಂದು ಆಗ ಆಡಿಕೊಂಡಿದ್ದಳು. "ಗುಬ್ಬಿಗೆ ನೀನು ಸಂಬಳ ಕೊಡ್ತೀಯಾ? ಬಿಟ್ಟಿ ಗುಬ್ಬಿಗೆ ಇಷ್ಟೇ ಬರೋದು," ಎಂದಿದ್ದ ಅವನು.

ತೊಟ್ಟಿಗೆ ಸಣ್ಣ ನಲ್ಲಿಯಿಂದ ನೀರು ತುಂಬುವ ಹಾಗೆ ಕರೆಂಟನ್ನು ಮೆಲ್ಲಗೆ ತುಂಬಿಸಿಕೊಳ್ಳುವ ಕೆಪಾಸಿಟರ್ ಒಂದನ್ನು ಖಾಲಿ ಜಾಗದಲ್ಲಿ ಬೆಸೆದಳು. ಕಿಟಕಿಯ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ಮಗಳ ಗಿಟಾರನ್ನು ಜೋಡಿಸಿ ತಂತಿ ಮೀಟಿದಳು. ದನಿ ಬಂತು, ಆದರೆ ತೂಗಲಿಲ್ಲ. ಸ್ವಿಚ್ಚು ಒತ್ತಿದಳು, ಮತ್ತೆ ಮೀಟಿದಳು. ಹಲಗೆಯ ಹಾಗೆ ಸಪಾಟು.

ಅವಳು ಬೋರ್ಡನ್ನು ಮತ್ತೆ ಮಗುಚಿದಳು. ಕಾವಿಗೆ ಹಳೆಯ ಬೆಸುಗೆ ಎಲ್ಲೋ ಬಿಟ್ಟಿರಬೇಕು. ಕಾರ್ಖಾನೆಯಲ್ಲಾದರೆ ಸತ್ತ ಬೋರ್ಡಿನ ಸೀಸವನ್ನೆಲ್ಲ ಹೀರಿ ತೆಗೆದು ಹೊಸದಾಗಿ ಬೆಸೆಯುವುದೇ ಪದ್ಧತಿ. ಆಣೆ ನೆನಪಾಗಿ ಕೈ ತಡೆಯಿತು. ಆದರೆ ಪೆಡಲೇ ಸತ್ತರೆ ಆಣೆ ಇಟ್ಟುಕೊಂಡು ಏನು ಮಾಡುವುದು? ಒಂದನ್ನು ಕರಗಿಸಿ ಹೊಸದಾಗಿ ಬೆಸೆದಳು. ಮೀಟಿದಳು, ಇಲ್ಲ. ಇನ್ನೊಂದು. ಅದೂ ಅಲ್ಲ. ಆಮೇಲೆ ಕೈ ತನ್ನ ಪಾಡಿಗೆ ತಾನು ನಡೆಯಿತು. ಸೀಸ ಹೀರುವ ಪಂಪು ತುಂಬಿದಾಗೆಲ್ಲ ಪಕ್ಕದ ಗುಜರಿ ಡಬ್ಬಿಗೆ ಕುಟ್ಟಿ ಕೊಡವಿದಳು. ಬಾಲದ ಬೆಸುಗೆಯನ್ನು ಕೊನೆಗೆಂದು ಉಳಿಸಿಕೊಂಡಳು. ಕೊನೆಗೆ ಅದನ್ನೂ ಕರಗಿಸಿದಳು.

ಆದರೂ ಇಲ್ಲ. ಸೋತು ಮುಚ್ಚಳವನ್ನು ಅದರ ಮೇಲೆ ಎಸೆದಂತೆ ಇಟ್ಟು, ಸುಮ್ಮನೆ ತಂತಿ ಮೀಟಿದಳು.

ದನಿ ತೂಗಿತು.

ಮುಚ್ಚಳದ ಸಂದಿಯಿಂದ ಇಣುಕಿದಳು. ಒಳಗೊಂದು ಪುಟ್ಟ ಬಲ್ಬು ಮಿಣುಕುತ್ತಿತ್ತು. ಅದರ ಸುತ್ತ ಕೂರಿಸಿದ್ದ ನಾಲ್ಕು ಸೆನ್ಸರ್ ಕಣ್ಣುಗಳು ಆ ಬೆಳಕನ್ನು ನೋಡಿಯೇ ದನಿಯನ್ನು ತೂಗಿಸಬೇಕು. ಬಿಸಿಲಿನಲ್ಲಿ ಅವಕ್ಕೆ ಬಲ್ಬೇ ಕಂಡಿರಲಿಲ್ಲ. ಕಾರ್ಖಾನೆಯಲ್ಲಿ ಅವಳು ಕೂರುವ ಸಾಲಿನಲ್ಲಿ ಬೋರ್ಡುಗಳನ್ನು ಬತ್ತಲೆಯಾಗಿಯೇ ಪರೀಕ್ಷಿಸುತ್ತಿದ್ದರು. ಮುಚ್ಚಳ ಹಾಕುವವರು ಬೇರೆ ಕೋಣೆಯವರು. ಆ ಕೋಣೆಗೆ ಅವಳು ಒಮ್ಮೆಯೂ ಹೋಗಿರಲಿಲ್ಲ.

ಸಂಜೆ ಮಗಳು ಹಾಡಿನ ಕೊನೆಯನ್ನು ನುಡಿಸಿದಳು. ಅಲೆ ಮೆಲ್ಲಗೆ, ಮೆಲ್ಲಗೆ ಇಳಿದು ನಿಂತಿತು. "ಅಮ್ಮಾ, ಥೇಟ್ ಅವನು ಹೇಳ್ತಿದ್ದ ಹಾಗೇ!" ಎಂದು ಕಣ್ಣೊರೆಸಿಕೊಂಡು, ಸ್ಕ್ರೂಡ್ರೈವರ್ ಎತ್ತಿಕೊಂಡಳು. "ಎಲ್ಲಿ ಹಾಕಿದೀಯ, ತೋರ್ಸು."

"ಬಿಡೇ, ಈಗ್ಯಾಕೆ..."

ಮಗಳು ಮುಚ್ಚಳ ಬಿಚ್ಚಿ ಬೋರ್ಡನ್ನು ಮಗುಚಿದಳು. ಬೆಸುಗೆಗಳೆಲ್ಲ ಒಂದೇ ಅಳತೆ, ಒಂದೇ ಹೊಳಪು. ಅದನ್ನು ದೀಪದ ಬೆಳಕಿಗೆ ಹಿಡಿದಳು.

"ಅವಂದು ಎಲ್ಲಮ್ಮ?"

ತಾಯಿ ಗುಜರಿ ಡಬ್ಬಿಯನ್ನು ತಂದಿಟ್ಟಳು. ರಿಪೇರಿಗೆಂದು ಮನೆಗೆ ತಂದಿದ್ದ ಅದೆಷ್ಟೋ ಬೋರ್ಡುಗಳ ಸೀಸದ ಪುಡಿ ಅದರಲ್ಲಿತ್ತು. ಮಗಳು ಬೆರಳಾಡಿಸಿದಳು.

"ಇದ್ರಲ್ಲಿ ಯಾವ್ದು?"

"ಬಾಲ ಇದ್ದದ್ದು ಒಂದಿತ್ತು ಕಣೇ, ತಾಳು," ಎಂದು ತಾಯಿ ಡಬ್ಬಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದಳು. ಕರಗಿದ ಸೀಸಕ್ಕೆ ಬಾಲ ಉಳಿಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ. ಆದರೂ ಹುಡುಕಿದಳು.