ಹಲಗೆ ನೋಡುವ ಕೆಲಸ

ಎಡಗಾಲಿನ ಕಾಲುಚೀಲ ಹಿಮ್ಮಡಿಯ ಹತ್ತಿರ ಬಂದು ನಿಂತುಬಿಟ್ಟಿತು. ಅಜ್ಜಿ ಅದನ್ನು ಮತ್ತೆ ಬೆರಳುಗಳ ತನಕ ಜಾರಿಸಿ, ಮಡಿಸಿ, ಮೊದಲಿನಿಂದ ಏರಿಸತೊಡಗಿದಳು. ತಣ್ಣಗಾದ ಕಾಲು ಯಾವುದಕ್ಕೂ ಬಗ್ಗುತ್ತಿರಲಿಲ್ಲ.

"ಜೀವಮಾನವಿಡೀ ಕಾಲುಚೀಲ ಹಾಕದವನಿಗೆ ಈಗ ಯಾಕೆ ಅತ್ತಿಗೆ ಈ ಶಿಕ್ಷೆ?" ಎಂದ ಸತ್ತವನ ತಮ್ಮ. ಅವನು ಕ್ಷೌರಿಕ. ಅಣ್ಣನ ಗಡ್ಡವನ್ನು ಆಗಷ್ಟೇ ಬೋಳಿಸಿ, ಕತ್ತಿ ಒರೆಸುತ್ತ ನಿಂತಿದ್ದ.

"ಜನ ಬರ್ತಾರೆ. ಈ ಕಾಲು ನೋಡಿದ್ರೆ ಏನಂದ್ಕೋತಾರೆ?"

"ಏನಂದ್ಕೋತಾರೆ? ಮನುಷ್ಯ ನಡೆದಿದಾನೆ ಅಂದ್ಕೋತಾರೆ."

ಅಜ್ಜಿ ಕಾಲನ್ನು ತನ್ನತ್ತ ತಿರುಗಿಸಿಕೊಂಡಳು. ಅಂಗಾಲಿನ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಕೆಲವು ಎಷ್ಟು ಹಳೆಯವೆಂದರೆ ಅವುಗಳ ಮೇಲೆ ಚರ್ಮ ಬೆಳೆದು ಮುಚ್ಚಿಹೋಗಿತ್ತು. ಅಜ್ಜ ನೃತ್ಯಮಂದಿರದಲ್ಲಿ ಹಲಗೆ ನೋಡುವ ಕೆಲಸದವನು. ಯಾರೇ ಕುಣಿಯುವುದಕ್ಕೆ ಮುಂಚೆ ಇಡೀ ವೇದಿಕೆಯನ್ನು ಬರಿಗಾಲಲ್ಲಿ, ಒಂದೊಂದೇ ಹಲಗೆಯ ಮೇಲೆ ಹೆಜ್ಜೆಯಿಟ್ಟು ನಡೆದು, ಎದ್ದ ಮೊಳೆ, ಸೀಳಿದ ಮರ ಎಲ್ಲಿದೆಯೆಂದು ಹುಡುಕುತ್ತಿದ್ದ. ಕುಣಿಯುವ ಮಕ್ಕಳು ಅವನನ್ನು ಹಲಗೆ ಮಾಮ ಎಂದು ಕರೆಯುತ್ತಿದ್ದರು. ಮೊನ್ನೆಯವರೆಗೂ ಅವನು ಹಾಗೆ ನಡೆದಿದ್ದ. ನಿನ್ನೆ ಬೆಳಿಗ್ಗೆ ಕುರ್ಚಿಯಿಂದ ಏಳಲಿಲ್ಲ.

"ಆಯ್ಕೆಗೆ ನಿನ್ನ ಸರದಿ ಎಷ್ಟೊತ್ತಿಗೆ?" ಕ್ಷೌರಿಕ ಕಿಟಕಿಯ ಹತ್ತಿರ ನಿಂತಿದ್ದ ಅಣ್ಣನ ಮೊಮ್ಮಗಳನ್ನು ಕೇಳಿದ.

"ಹನ್ನೊಂದೂವರೆಗೆ, ಚಿಕ್ಕಜ್ಜ."

"ಅಣ್ಣನ್ನ ಒಯ್ಯೋ ಗಾಡಿ?"

"ಹನ್ನೊಂದಕ್ಕೆ," ಎಂದ ಹುಡುಗಿಯ ಅಪ್ಪ. ಅವನು ಲಿಫ್ಟ್ ರಿಪೇರಿಯವನು, ಸತ್ತವನ ಒಬ್ಬನೇ ಮಗ. ಎಲ್ಲದಕ್ಕೂ ಒಂದು ಗುಂಡಿ ಇರುತ್ತದೆ, ಒತ್ತಿದರೆ ಸರಿಹೋಗುತ್ತದೆ ಎಂದು ನಂಬಿದ್ದವನು ಇವತ್ತು ಗೋಡೆಗೊರಗಿ ನಿಂತಿದ್ದ.

ಆಯ್ಕೆಯೂ ಇವತ್ತೇ, ಅಜ್ಜ ಹಲಗೆ ನೋಡುತ್ತಿದ್ದ ಮಂದಿರದಲ್ಲೇ. ನೃತ್ಯನಿಧಿಯವರು ವರ್ಷಕ್ಕೆ ಮೂರೇ ಮೂರು ಜನರನ್ನು ಆರಿಸಿ, ಎರಡು ವರ್ಷದ ತರಬೇತಿಯ ಪೂರ್ತಿ ಖರ್ಚು ಕೊಟ್ಟು, ಒಂದು ತಂಡಕ್ಕೆ ಸೇರಿಸುವವರೆಗೆ ಕೈ ಹಿಡಿಯುತ್ತಿದ್ದರು. ಆ ಪುರಸ್ಕಾರ ಸಿಕ್ಕವರಿಗೆ ಕುಣಿತವೇ ಬದುಕಾಗುತ್ತಿತ್ತು. ಸಿಗದವರು ಅಂಗಡಿಗೋ ಆಫೀಸಿಗೋ ಸೇರಿ, ಭಾನುವಾರ ಮಾತ್ರ ಕುಣಿಯುತ್ತಿದ್ದರು. ಇಪ್ಪತ್ತೆರಡು ತುಂಬಿದ ಮೇಲೆ ಅರ್ಜಿ ಹಾಕುವಂತಿಲ್ಲ. ಹುಡುಗಿಗೆ ಮುಂದಿನ ತಿಂಗಳು ಇಪ್ಪತ್ತೆರಡು.

"ನಾನು ಬೇಡ ಅಂದ್ನಾ? ಹೋಗಮ್ಮ ಅಂದೆ," ಎಂದ ಅಪ್ಪ. "ಅಜ್ಜ ಇದ್ದಿದ್ರೆ ಕತ್ತು ಹಿಡಿದು ದಬ್ಬಿ ಕಳಿಸ್ತಿದ್ರು."

"ಅಜ್ಜ ಇದ್ದಿದ್ರೆ ಹಲಗೆ ನೋಡಿರ್ತಿದ್ರು," ಎಂದಳು ಹುಡುಗಿ. "ಅವರನ್ನ ಗಾಡೀಲಿ ಕಳಿಸಿ, ಅವರು ನೋಡದೇ ಇರೋ ಹಲಗೆ ಮೇಲೆ ನಾನು ಹೋಗಿ ಹಾರ್ಲಾ? ಆಗಲ್ಲಪ್ಪ."

"ಮುಂದಿನ ವರ್ಷ ನೀನು ಎಷ್ಟೆತ್ತರ ಹಾರಿದ್ರೂ ನೋಡೋರಿರಲ್ಲ."

"ಗೊತ್ತು."

ಅವಳ ಚೀಲ ಮಂಚದ ಕೆಳಗಿತ್ತು. ಹಿಂದಿನ ದಿನ ಬೆಳಿಗ್ಗೆ, ಅಜ್ಜ ಎಂದಿನಂತೆ ಕುರ್ಚಿಯಲ್ಲಿ ಕೂತಿದ್ದಾನೆ ಎಂದುಕೊಂಡೇ ಅವಳು ಅದರಲ್ಲಿ ಬಟ್ಟೆ ತುಂಬಿದ್ದಳು. ಅದರ ಜಿಪ್ ಇನ್ನೂ ಅರ್ಧ ತೆರೆದೇ ಇತ್ತು.

*

ಮೂವತ್ತೊಂದು ವರ್ಷದ ಹಿಂದೆ ಅಜ್ಜ ಎಲ್ಲರ ಹಾಗೆ ಬೂಟು ಹಾಕಿಕೊಂಡೇ ಹಲಗೆ ನೋಡುತ್ತಿದ್ದ.

ಆ ವರ್ಷದ ಆಯ್ಕೆ ನೋಡುವುದಕ್ಕೆ ನಿಧಿಯ ಅಧ್ಯಕ್ಷರೇ ಬರುವವರಿದ್ದರು. ವೇದಿಕೆ ಕಣ್ಣು ಕುಕ್ಕುವ ಹಾಗಿರಬೇಕು ಎಂದು ಮಂದಿರದ ಮೇಲ್ವಿಚಾರಕ ಹೇಳಿದ. ಅಜ್ಜ ಎರಡು ದಿನ ಮೊಣಕಾಲೂರಿ ಕೂತು ಹಲಗೆಗಳಿಗೆ ಮೇಣ ತಿಕ್ಕಿದ. ಕೊನೆಯ ಸಾಲಿನ ಕುರ್ಚಿಗಳ ಹಿಂದೆ ನಿಂತು ನೋಡಿದಾಗ ದೀಪಗಳೆಲ್ಲ ಮರದೊಳಗೆ ಉರಿಯುತ್ತಿರುವಂತೆ ಕಂಡವು. ಅವನು ತನ್ನ ಕೆಲಸವನ್ನು ನೋಡಿ ಹೆಮ್ಮೆಪಟ್ಟದ್ದು ಅದೇ ಮೊದಲು.

ಮೂರನೆಯ ಸರದಿಯವಳಿಗೆ ಹತ್ತೊಂಬತ್ತು ವರ್ಷ. ಅವಳು ಚೆನ್ನಾಗಿಯೇ ಹಾರಿದಳು. ಇಳಿದಾಗ ನೆಲ ಅವಳ ಕಾಲನ್ನು ಹಿಡಿಯಲಿಲ್ಲ. ಪರದೆಯ ಪಕ್ಕದಲ್ಲಿದ್ದ ಅಜ್ಜನಿಗೆ ಮೂಳೆಯ ಸದ್ದು ಕೇಳಿಸಿತು. ತೀರ್ಪುಗಾರರು ಹತ್ತು ನಿಮಿಷ ಕಾದು ನಾಲ್ಕನೆಯವರನ್ನು ಕರೆದರು. ನಡುವೆ ನಿಲ್ಲಿಸಿದವರು ಆಯ್ಕೆಯಿಂದ ಹೊರಗೆ ಎನ್ನುವುದು ಆಗಿನ ನಿಯಮ.

ಮನೆಗೆ ಬಂದು ಅವನು ಹೇಳಿದ್ದು ಒಂದೇ ಮಾತು. "ಹೊಳಪು ಹಾಕಿದ್ದು ನಾನು." ಮರುದಿನದಿಂದ ಬಿಸಿನೀರು, ಕೆರೆಯುವ ಕತ್ತಿ ಹಿಡಿದು ಆ ಮೇಣವನ್ನೆಲ್ಲ ತೆಗೆದ. ಬೂಟುಗಳನ್ನು ಬಾಗಿಲಿನಾಚೆ ಇಟ್ಟವನು ಮತ್ತೆ ಒಳಗೆ ತರಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಒಂದೇ ಥರ. ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು ಬಂದ ಕೂಡಲೇ ಅವನು ಹೆಂಡತಿಯ ಮಡಿಲಲ್ಲಿ ಕಾಲಿಡುತ್ತಿದ್ದ. ಅವಳು ಪಿನ್ನಿನಿಂದ ಕೆದಕಿ ಸಿಬಿರು ತೆಗೆಯುತ್ತಿದ್ದಳು.

"ಇದನ್ನ ಎಲ್ಲಿಂದ ತಂದ್ರಿ?"

"ಬಲಗಡೆ ಪರದೆಯಿಂದ ಆರನೇ ಹಲಗೆ. ಅಲ್ಲೊಂದು ಗಂಟಿದೆ, ಎಷ್ಟು ಉಜ್ಜಿದ್ರೂ ಮತ್ತೆ ಏಳತ್ತೆ."

"ಇದು?"

"ಮಧ್ಯದ್ದು. ಎಲ್ಲರೂ ಅಲ್ಲೇ ಇಳೀತಾರಲ್ಲ, ಪಾಪ, ಅದಕ್ಕೂ ವಯಸ್ಸಾಯ್ತು."

ಆ ವೇದಿಕೆಯ ಮೇಲೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ.

*

ಹತ್ತೂಕಾಲಕ್ಕೆ ಒಬ್ಬ ಹೆಂಗಸು ಊರುಗೋಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಐವತ್ತರ ಆಸುಪಾಸು. ಬಲಗಾಲನ್ನು ಸ್ವಲ್ಪ ಹೊರಕ್ಕೆಸೆದು ನಡೆಯುತ್ತಿದ್ದಳು. ಅಜ್ಜಿ ಮುಖ ನೋಡುವ ಮೊದಲೇ ಆ ಕಾಲನ್ನು ನೋಡಿದಳು, ಯಾರೆಂದು ತಿಳಿದುಕೊಂಡಳು.

"ನಾನು ನಿಧಿಯ ಕಾರ್ಯದರ್ಶಿ," ಎಂದಳು ಬಂದವಳು.

"ಗೊತ್ತಾಯ್ತು. ಕೂತ್ಕೋ ತಾಯಿ."

ಕಾರ್ಯದರ್ಶಿ ಹೆಣದ ಕಾಲ ಬುಡದಲ್ಲಿ ಕೂತಳು. "ಈ ಕಾಲುಚೀಲ ತೆಗೀಬಹುದಾ?" ಎಂದು ಕೇಳಿದಳು.

ಅಜ್ಜಿ ಮೈದುನನ ಮುಖ ನೋಡಿದಳು. ಅವನು, ನಾನು ಹೇಳಲಿಲ್ಲವೇ ಎನ್ನುವಂತೆ ಹುಬ್ಬೇರಿಸಿದ. ಅಷ್ಟು ಕಷ್ಟಪಟ್ಟು ಹಾಕಿದ್ದು ಒಂದೇ ಎಳೆತಕ್ಕೆ ಬಂತು. ಕಾರ್ಯದರ್ಶಿ ಆ ಅಂಗಾಲಿನ ಮೇಲೆ ತನ್ನ ಅಂಗೈಯಿಟ್ಟು ಸುಮ್ಮನೆ ಕೂತಳು.

ಆಮೇಲೆ ತಲೆಯೆತ್ತಿ, "ಇಪ್ಪತ್ತೇಳನೇ ನಂಬರು ನೀನೇನಾ?" ಎಂದಳು.

"ನಾನೇ. ಇವತ್ತು ಬರಲ್ಲ ಮೇಡಂ."

"ಬರಬೇಡ. ಸೋಮವಾರ ಬಾ."

ಹುಡುಗಿಗೆ ಅರ್ಥವಾಗಲಿಲ್ಲ. ಕಾರ್ಯದರ್ಶಿ ಕೈಚೀಲದಿಂದ ನಿಧಿಯ ನಿಯಮಗಳ ಪುಸ್ತಿಕೆ ತೆಗೆದಳು. "ಓದಿಲ್ವಾ?"

"ಓದಿದೀನಿ."

"ಕೊನೇ ಪುಟ ಯಾರೂ ಓದಲ್ಲ. ಇಲ್ಲಿ, ಇದನ್ನ ಜೋರಾಗಿ ಓದು."

ಹುಡುಗಿ ಓದಿದಳು: "ಅಭ್ಯರ್ಥಿಯ ತಪ್ಪಿಲ್ಲದೆ ಕುಣಿತ ನಿಂತುಹೋದರೆ, ಅಥವಾ ಬರಲು ಆಗದೆ ಹೋದರೆ, ಅವರನ್ನು ಇನ್ನೊಂದು ದಿನ ನೋಡತಕ್ಕದ್ದು."

"ಆ 'ತಕ್ಕದ್ದು' ಮಾತ್ರ ನಾವು ಸೇರಿಸಿದ್ದು. ಉಳಿದಿದ್ದೆಲ್ಲ ನಿಮ್ಮಜ್ಜನ ಮಾತು. ನಾನು ಬಿದ್ದ ಮೇಲೆ ಪ್ರತಿ ಜನವರೀಲೂ ಅದೇ ಕಾಗದ ತಂದು ಕೊಡ್ತಿದ್ರು. ತಪ್ಪು ನನ್ನದು, ಆ ಹುಡುಗೀನ ಇನ್ನೊಂದ್ಸಲ ನೋಡಿ, ಇಂಥವರಿಗೆಲ್ಲ ಒಂದು ನಿಯಮ ಮಾಡಿ ಅಂತ. ಹನ್ನೊಂದು ವರ್ಷ. ಐದನೇ ಕಾಗದದ ಹೊತ್ತಿಗೆ ನಾನೇ ಅಲ್ಲಿ ಗುಮಾಸ್ತೆಯಾಗಿದ್ದೆ. ನನ್ನ ವಿಷಯದ ಕಾಗದಾನ ನಾನೇ ಫೈಲಿಗೆ ಹಾಕ್ತಿದ್ದೆ."

"ನಿಮಗೆ ಇನ್ನೊಂದ್ಸಲ ಸಿಕ್ತಾ?"

"ನಿಯಮ ಬಂದಾಗ ನನಗೆ ಮೂವತ್ತು." ಅವಳು ಪುಸ್ತಿಕೆ ಮುಚ್ಚಿದಳು. "ಆಮೇಲೆ ಒಂಬತ್ತು ಮಕ್ಕಳಿಗೆ ಸಿಕ್ಕಿದೆ. ಒಬ್ಬಳಿಗೆ ಜ್ವರ, ಒಬ್ಬನ ಬಸ್ಸು ಕೆಟ್ಟಿತ್ತು. ಅವರಲ್ಲಿ ನಾಲ್ಕು ಜನ ಇವತ್ತು ಕುಣಿದೇ ಊಟ ಮಾಡ್ತಿದಾರೆ. ನೀನು ಹತ್ತನೆಯವಳು. ಆರಿಸ್ತಾರೋ ಇಲ್ವೋ ನನ್ನ ಕೈಯಲ್ಲಿಲ್ಲ. ನೋಡೋದಂತೂ ನೋಡ್ತಾರೆ."

ಹುಡುಗಿಯ ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ. ಹುಡುಗಿ ಮಾತ್ರ ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಈ ಸಾಲಿನ ವಿಷಯ ಅವನು ಅವಳಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬರುತ್ತದೆಂದು ಯಾಕೆ ಅಂದುಕೊಂಡಾನು?

"ಜನವರೀಲಿ ಕೋಟು ಹಾಕ್ಕೊಂಡು ಆಫೀಸಿಗೆ ಹೋಗೋರು," ಎಂದಳು ಅಜ್ಜಿ, ನಿಧಾನಕ್ಕೆ. "ಸಂಬಳ ಜಾಸ್ತಿ ಮಾಡಿ ಅಂತ ಕೇಳೋಕೆ ಹೋಗ್ತಾರೆ ಅಂದ್ಕೊಂಡಿದ್ದೆ. ಬರಿಗೈಲಿ ಬಂದ್ರೆ, ನಿಮಗೆ ಬಾಯಿ ಇಲ್ವಾ ಅಂತ ಬೈತಿದ್ದೆ. ಒಂದು ವರ್ಷ ನಗ್ತಾ ಬಂದ್ರು. ಎಷ್ಟು ಕೊಟ್ರು ಅಂದೆ. ಒಂದು ಸಾಲು ಕೊಟ್ರು ಕಣೇ ಅಂದ್ರು. ಇವರಿಗೆ ತಲೆ ಕೆಟ್ಟಿದೆ ಅಂತ ನಾನು ಒಳಗೆ ಹೋಗಿಬಿಟ್ಟೆ."

ಅಜ್ಜಿ ಕಾಲುಚೀಲಗಳನ್ನು ಒಂದರೊಳಗೊಂದು ಸೇರಿಸಿ ಉಂಡೆ ಮಾಡಿ ಪಕ್ಕಕ್ಕಿಟ್ಟಳು.

"ಇವತ್ತಿನ ಮಕ್ಕಳು ಬಂದು ಕೂತಿದಾರೆ," ಎಂದಳು ಕಾರ್ಯದರ್ಶಿ ಏಳುತ್ತ. "ಇವರ ಬದಲಿಗೆ ಬಂದವನು ಬೂಟು ಹಾಕ್ಕೊಂಡು ಒಂದು ಸುತ್ತು ಹೊಡೆದು, ಎಲ್ಲಾ ಸರಿಯಾಗಿದೆ ಅಂದ. ಅದರ ಮೇಲೆ ಮಕ್ಕಳನ್ನ ಹತ್ತಿಸೋಕೆ ನನಗೆ ಧೈರ್ಯ ಬರಲಿಲ್ಲ. ಮೂರು ಗಂಟೆಗೆ ಮುಂದಕ್ಕೆ ಹಾಕಿದೀನಿ. ಅಷ್ಟರಲ್ಲಿ ಯಾರನ್ನ ಹುಡುಕಲಿ, ಗೊತ್ತಿಲ್ಲ."

"ಮೂರಕ್ಕಾ?" ಎಂದಳು ಅಜ್ಜಿ.

*

ಮಣ್ಣು ಕೊಡುವಾಗ ಅಜ್ಜಿ ಎಣಿಸಿರದಷ್ಟು ಜನ ಬಂದಿದ್ದರು. ಬಹಳಷ್ಟು ಜನ ಹಿಮ್ಮಡಿ ಸೇರಿಸಿ, ಪಾದಗಳನ್ನು ಆಚೀಚೆಗೆ ತಿರುಗಿಸಿ ನಿಂತಿದ್ದರು.

"ಇದೇನಿದು, ಎಲ್ಲರೂ ಬಾತುಕೋಳಿ ಥರ ನಿಂತಿದಾರೆ?" ಕ್ಷೌರಿಕ ಪಿಸುಗುಟ್ಟಿದ.

"ಕುಣಿಯೋರು ಹಾಗೇ ನಿಲ್ಲೋದು, ಚಿಕ್ಕಜ್ಜ," ಎಂದಳು ಹುಡುಗಿ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವಳಿಗೆ ಅಳು ಬಂತು.

ಎರಡೂವರೆಗೆ ಅಜ್ಜಿ ನೃತ್ಯಮಂದಿರದ ವೇದಿಕೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟಳು.

"ಅಮ್ಮಾ, ಎಪ್ಪತ್ತನಾಲ್ಕು ವರ್ಷ ನಿಂಗೆ," ಎಂದ ಮಗ ಕೆಳಗಿನಿಂದ.

"ಕಾಲಿಗೂ ಅಷ್ಟೇ ಆಗಿದೆ. ನೀನು ಸುಮ್ನಿರು."

ಮೊಮ್ಮಗಳು ಒಂದು ಕೈಯಲ್ಲಿ ಅಜ್ಜಿಯ ಮೊಣಕೈ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದಿದ್ದಳು. ಬಲಗಡೆಯ ಪರದೆಯಿಂದ ಶುರು ಮಾಡಿದರು. ಒಂದು, ಎರಡು, ಮೂರು. ಆರನೆಯ ಹಲಗೆಯ ಮೇಲೆ ಅಜ್ಜಿ ನಿಂತಳು, ಅಂಗಾಲಿನಿಂದ ಸವರಿದಳು.

"ಇದೇ ಆ ಗಂಟು. ಇಲ್ಲೇ ಇದೆ ನೋಡು," ಎಂದಳು, ಹಳೆಯ ಪರಿಚಯದವರು ದಾರಿಯಲ್ಲಿ ಸಿಕ್ಕ ಹಾಗೆ. ಹುಡುಗಿ ಅದರ ಸುತ್ತ ಗೆರೆ ಎಳೆದಳು. ಬದಲಿಯವನು ಬಂದು ಉಜ್ಜಿದ. ಈಗ ಅವನೂ ಬೂಟು ಬಿಚ್ಚಿದ್ದ.

ಪರದೆಯ ಮರೆಯಲ್ಲಿ ಇವತ್ತಿನ ಅಭ್ಯರ್ಥಿಗಳು ಎದೆಗೆ ನಂಬರು ಅಂಟಿಸಿಕೊಂಡು ನಿಂತಿದ್ದರು. ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದವರು.

ಅರ್ಧ ವೇದಿಕೆ ಮುಗಿದಾಗ ಅಜ್ಜಿ ತಟ್ಟನೆ ಕಾಲೆತ್ತಿದಳು. "ಇದು ಹೊಸದು. ಇದನ್ನ ಅವರು ಹೇಳಿರಲಿಲ್ಲ."

ಅಲ್ಲೇ ಕೂತು ಕಾಲನ್ನು ಮೊಮ್ಮಗಳ ಮಡಿಲಲ್ಲಿಟ್ಟಳು. ಸೆರಗಿನ ಪಿನ್ನು ಬಿಚ್ಚಿ ಅವಳ ಕೈಗೆ ಕೊಟ್ಟಳು.

"ನನಗೆ ಬರಲ್ಲ ಅಜ್ಜಿ. ನೋವಾಗತ್ತೆ."

"ಕೆದಕು. ಅಷ್ಟು ವರ್ಷ ಅವರು ಒಂದ್ಸಲವೂ ಹಾ ಅಂದಿಲ್ಲ. ನಾನು ಅಂತೀನಾ? ಹಾ!"

ಕೆಳಗಿನಿಂದ ಕ್ಷೌರಿಕ ನಕ್ಕುಬಿಟ್ಟ. ಅಜ್ಜಿಯೂ ನಕ್ಕಳು. ಹುಡುಗಿ ಸಿಬಿರನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತೋರಿಸಿದಳು.

ಆಗ ಪರದೆಯ ಮರೆಯಿಂದ ಒಂದನೇ ನಂಬರಿನವಳು ಬಗ್ಗಿ ಕಾಲುಚೀಲ ಕಳಚಿ ಹೊರಗೆ ಬಂದಳು. ಅಜ್ಜಿ ನಡಿಗೆ ನಿಲ್ಲಿಸಿದ್ದ ಹಲಗೆಯ ಪಕ್ಕದ್ದರ ಮೇಲೆ ಹೆಜ್ಜೆಯಿಟ್ಟಳು. ಅವಳ ಹಿಂದೆ ನಾಲ್ಕನೆಯವನು, ಅದರಾಚೆಯ ಹಲಗೆಗೆ ಒಂಬತ್ತನೆಯವಳು. ಉಳಿದ ಅರ್ಧ ವೇದಿಕೆಯ ಮೇಲೆ, ಒಬ್ಬೊಬ್ಬರು ಒಂದೊಂದು ಹಲಗೆ ಹಿಡಿದು, ತಲೆ ತಗ್ಗಿಸಿ, ಬರಿಗಾಲಲ್ಲಿ ನಿಧಾನವಾಗಿ ನಡೆಯತೊಡಗಿದರು.