ಕಂಬಳಿಯ ಮೇಲೆ ಆಡಿದ ಮಾತು

ನಾವು ನೇಯ್ದ ಹಾಸು ಯಾವ ಕಾರಿಗೆ ಹೋಗುತ್ತದೋ ಆ ಕಾರನ್ನು ಹಿರೇಹಂದಿಗೋಳದಲ್ಲಿ ಒಬ್ಬರೂ ಕಣ್ಣಾರೆ ನೋಡಿಲ್ಲ. ಫೋನಿನಲ್ಲಿ ನೋಡಿದ್ದೇವೆ. ಉದ್ದನೆಯ ಮೂತಿ, ಕನ್ನಡಿಯಂಥ ಮೈ, ಒಳಗೆ ಮದುಮಕ್ಕಳನ್ನು ಕೂರಿಸುವಂಥ ಸೀಟು. ಅದರಲ್ಲಿ ಕೂತವರ ಕಾಲಡಿಗೆ ನಮ್ಮ ಕರಿ ಉಣ್ಣೆಯ ಹಾಸು. ನಾವು ತಲೆಗೆ ಹೊದೆಯುವುದನ್ನು ಅವರು ಕಾಲಿಗೆ ಹಾಸುತ್ತಾರೆ, ದುಡ್ಡಿದ್ದವರದು ಎಲ್ಲವೂ ತಿರುಗುಮುರುಗು ಎಂದು ನಾನು ಮೊದಲ ದಿನವೇ ನಕ್ಕಿದ್ದೆ.

ನನ್ನ ಮಾವ ಮಾಳಿಂಗರಾಯ ನಕ್ಕಿರಲಿಲ್ಲ. ಕುರಿ ಕಾಯುವ ಹಾಲುಮತದವರ ಮನೆಯಲ್ಲಿ ಕಂಬಳಿ ಎಂದರೆ ದೇವರ ಗದ್ದುಗೆ. ಅದನ್ನು ತುಳಿಯುವವರಿಗೆ ನೇಯ್ದುಕೊಡುವುದು ಹೇಗೆ ಎಂದು ಸರಿಯಾಗಿ ಊಟ ಕೂಡ ಮಾಡದೆ ಯೋಚಿಸಿ, ಕೊನೆಗೆ ತಾವೇ ದಾರಿ ಹುಡುಕಿದರು. "ಅಂಚು ಹಾಕೂದು ಬ್ಯಾಡವಾ. ಅಂಚಿಲ್ಲಂದ್ರ ಅದು ಕಂಬಳಿ ಅಲ್ಲ, ಬರೇ ಅರಿವಿ" ಎಂದರು. ಊರಿನ ನೇಕಾರರೆಲ್ಲ ನಿಟ್ಟುಸಿರುಬಿಟ್ಟು ಮಗ್ಗಕ್ಕೆ ಇಳಿದರು. ನಮ್ಮ ಊರಿನಲ್ಲಿ ಮಾವ ಕೆಮ್ಮಿದರೆ ಹತ್ತು ಮನೆಯವರಿಗೆ ನೆಗಡಿ.

ಈ ಕೆಲಸ ತಂದವನು ಲೋಹಿತ. ಮುಂಡರಗಿಯ ಹನಮಂತವ್ವನ ಒಬ್ಬನೇ ಮಗ, ನಮ್ಮದೇ ಕುಲದವನು. ಜವಳಿಯ ಬಗ್ಗೆ ಓದಿ, ಆ ಪರದೇಶಿ ಕಾರಿನ ಕಂಪನಿಯ ಪುಣೆ ಆಫೀಸಿನಲ್ಲಿ ಸಾಮಾನು ಖರೀದಿಸುವ ಸಾಹೇಬನಾಗಿದ್ದ. ಎರಡು ವರ್ಷದ ಹಿಂದೆ ಬಂದು, ಕಂಪನಿಗೆ ಕರಿ ಕುರಿಯ ಉಣ್ಣೆಯೇ ಬೇಕು, ಕೈಯಲ್ಲೇ ನೂತಿರಬೇಕು ಎಂದ. ನಮ್ಮ ಹಿಂಡುಗಳಲ್ಲಿ ಆಗ ಇದ್ದದ್ದು ಕೆಂಗುರಿ. ಕೆಂಗುರಿಗೆ ಮಾಂಸವುಂಟು, ಉಣ್ಣೆಯಿಲ್ಲ. ಅವನ ಮಾತು ಕೇಳಿ ಊರಿಗೆ ಊರೇ ಕೆಂಗುರಿ ಕೊಟ್ಟು ಕರಿ ಕುರಿ ತಂದಿತು. ಹಳೆಯ ಹತ್ತಿ ಗೋದಾಮಿನಲ್ಲಿ ಮಗ್ಗ ಕೂಡಿಸಿದೆವು. ಗದಗಿನ ಕಾಲೇಜಿನಲ್ಲಿ ಬಿ.ಕಾಂ. ಓದಿದ್ದೇನೆಂದು ನನ್ನನ್ನು ಉಸ್ತುವಾರಿಗೆ ಕೂರಿಸಿದರು. ನೂಲು ತೆಗೆಯಲು ಹೊಂಬಳದ ಹೆಂಗಸರೂ ಬಸ್ಸು ಹತ್ತಿ ಬರತೊಡಗಿದರು.

ಈ ಬೇಸಿಗೆಯಲ್ಲಿ ಏನೋ ಕೆಟ್ಟಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಲೋಹಿತನ ಫೋನು ತಿಂಗಳಿಗೊಮ್ಮೆ ಆಯಿತು. ಹೋದ ಎರಡು ವರ್ಷವೂ ಬಂದು ಮುದುಕಿಯರ ಕೈಗಳ ಫೋಟೋ ಹೊಡೆದುಕೊಂಡು ಹೋಗಿದ್ದ ಕಂಪನಿಯವರು ಈ ಸಲ ಬರಲಿಲ್ಲ. ನಾನು ಕಳಿಸಿದ ಹೊಸ ಮಾದರಿಗೆ ಚಲೋ ಎನ್ನಲಿಲ್ಲ, ಕೆಟ್ಟದ್ದು ಎಂದೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಫೋನಿನಲ್ಲಿ ನಾನೇ ಹುಡುಕಿ ಹುಡುಕಿ ಓದಿದೆ. ಚೀನಾದ ಸಿರಿವಂತರು ಈಗ ತಮ್ಮ ದೇಶದ ಕಾರನ್ನೇ ಕೊಳ್ಳುತ್ತಾರಂತೆ. ಅಮೆರಿಕದಲ್ಲಿ ತೆರಿಗೆ ಏರಿದೆಯಂತೆ. ಹೊರದೇಶಗಳಲ್ಲಿ ಮಾರಾಟ ಬಿದ್ದು ಕಂಪನಿ ಎರಡು ಕಾರ್ಖಾನೆಗಳಿಗೆ ಬೀಗ ಹಾಕುತ್ತದಂತೆ. ಇದೆಲ್ಲ ದೊಡ್ಡವರ ಸಂಕಟ ಎಂದುಕೊಳ್ಳುವಷ್ಟರಲ್ಲಿ ಕೆಳಗೊಂದು ಚಿತ್ರ ಬಂತು. ಕಂಪನಿ ಉಳಿಯಬೇಕೆಂದು ಹೊಸದಾಗಿ ಮಾಡುತ್ತಿರುವ ಬ್ಯಾಟರಿ ಕಾರು. ಅದರೊಳಗೆ ಪ್ರಾಣಿಗಳಿಂದ ಬಂದದ್ದು ಏನೂ ಇರುವುದಿಲ್ಲ, ನೆಲಹಾಸು ಕೂಡ ಹಳೆಯ ಬಾಟಲಿ ಕರಗಿಸಿದ ದಾರದ್ದು ಎಂದು ಹೆಮ್ಮೆಯಿಂದ ಬರೆದಿದ್ದರು.

ಮಾವನಿಗೆ ಓದಿ ಹೇಳಿದೆ. ಅವರು ನೂಲಿನ ಉಂಡೆ ಸುತ್ತುತ್ತಲೇ ಇದ್ದರು.

"ಪೇಪರಿನವರ ಮಾತು ಬಿಡವಾ. ಲೋಹಿತ ಏನಂತಾನ ಕೇಳೂಣು."

ಕೇಳುವ ತುರ್ತು ಮರುವಾರವೇ ಬಂತು. ಲಕ್ಷ್ಮೇಶ್ವರದ ಕುರಿ ವ್ಯಾಪಾರಿ ಮುಸ್ತಾಕ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು ಕೂತ. ಬಕ್ರೀದ್ ಹತ್ತಿರವಿತ್ತು. ಕರಿ ಕುರಿ ಕೊಟ್ಟರೆ ಬದಲಿಗೆ ಮರಿ ಹಾಕುವ ಕೆಂಗುರಿ ಕೊಡುತ್ತೇನೆ, ತಲೆಗೆ ತಲೆ ಎಂದ.

"ಮಾಳಿಂಗಣ್ಣಾ, ನಾಳೆ ಮುಂಜಾನಿ ಗಾಡಿ ತರತೀನಿ. ಹಬ್ಬ ಮುಗೀತಂದ್ರ ನಿಮ್ಮ ಕರಿ ಕುರಿ ನಾ ಅಲ್ಲ, ಯಾರೂ ಮೂಸಿ ನೋಡೂದಿಲ್ರಿ. ಖರೆ ಹೇಳತೀನಿ."

ಅವನ ಮಾತು ಖರೆಯೇ. ಇಡೀ ಊರು ಮಾವನ ಬಾಯಿ ನೋಡುತ್ತಿತ್ತು. ಕಾರಿನ ಕೆಲಸ ಮುಂದುವರಿಯುವುದಾದರೆ ಕುರಿ ಕೊಟ್ಟವನು ದಡ್ಡ, ನಿಲ್ಲುವುದಾದರೆ ಇಟ್ಟುಕೊಂಡವನು ಹಾಳಾದ. ಅಂದು ಮಧ್ಯಾಹ್ನ ಲೋಹಿತ ಬರುವವನಿದ್ದ. ಅವನನ್ನು ಕೇಳಿ ಹೇಳುತ್ತೇನೆ ಎಂದು ಮಾವ ಮುಸ್ತಾಕನನ್ನು ಕಳಿಸಿದರು.

ಲೋಹಿತ ಬಂದ. ಇಳಿಯುವಾಗಲೇ ನಗು ಜಾಸ್ತಿ ಇತ್ತು. ನಮ್ಮಲ್ಲಿ ಕುಲದ ಮಗ ಬಂದರೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸುತ್ತೇವೆ. ಹಾಸಿತ್ತು. ಮೊದಲೆಲ್ಲ ಬೂಟು ಬಿಚ್ಚಿ, ಕಂಬಳಿಗೆ ಕೈಮುಟ್ಟಿ ನಮಸ್ಕರಿಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಎರಡು ರೊಟ್ಟಿ ಜಾಸ್ತಿ ಕೇಳುತ್ತಿದ್ದವನು ಈ ಸಲ ಬಾಗಿಲಲ್ಲೇ ನಿಂತ.

"ಮೊಣಕಾಲು ನೋಯಾಕತ್ತೈತಿ ಕಾಕಾ, ಕುರ್ಚಿ ಇದ್ರ ಕೊಡ್ರಿ" ಎಂದ.

ಸಾಹೇಬನಾಗಿ ಸೊಕ್ಕು ಬಂದಿದೆ ಎಂದು ನೆರೆದವರು ಕಣ್ಣಲ್ಲೇ ಆಡಿಕೊಂಡರು. ನನಗೆ ಮಾತ್ರ ಹಾಗನಿಸಲಿಲ್ಲ. ಅವನು ಕುರ್ಚಿಯನ್ನು ಕಂಬಳಿಯ ಅಂಚಿಗೂ ತಾಗದಂತೆ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಕಂಬಳಿಯ ಮೇಲೆ ಕೂತು, ಕೈಯಲ್ಲಿ ದೇವರ ಅರಿಶಿನದ ಭಂಡಾರ ಹಿಡಿದು ಸುಳ್ಳಾಡಿದವರ ಮನೆ ಉಳಿಯುವುದಿಲ್ಲ ಎಂದು ಹಾಲು ಕುಡಿಯುವಾಗಲೇ ಕೇಳಿ ಬೆಳೆದವರು ನಾವು. ಅವನೂ ಕೇಳಿ ಬೆಳೆದವನೇ.

ಕುರ್ಚಿಯ ಮೇಲೆ ಕೂತು ಚಂದ ಮಾತಾಡಿದ. ಕಂಪನಿಗೆ ಇಂಥ ಏರಿಳಿತ ಹೊಸದಲ್ಲ, ಕೆಲಸ ನಿಲ್ಲುವುದಿಲ್ಲ, ಈ ತಿಂಗಳು ಇನ್ನೂ ಹೆಚ್ಚು ಹಾಸು ಬೇಕು, ಯಾರೂ ಮಗ್ಗ ಬಿಡಬಾರದು ಎಂದ. ಜನರ ಮುಖ ಅರಳಿತು. ಅಮೃತವ್ವ ಎಂಬ ವಿಧವೆಯಂತೂ ಅವನ ನೆಟಿಗೆ ಮುರಿದಳು. ಅವಳಿಗಿದ್ದದ್ದು ಒಂದು ಸಣ್ಣ ಹಿಂಡು, ಅದನ್ನೇ ನಂಬಿಕೊಂಡ ಮದುವೆಯ ವಯಸ್ಸಿನ ಮಗಳು.

ಮಾವ ಇಷ್ಟು ಹೊತ್ತೂ ಅವನ ಕಾಲುಗಳನ್ನೇ ನೋಡುತ್ತಿದ್ದರು. ನಿಧಾನವಾಗಿ ಎದ್ದು ಜಗಲಿಯ ಮೇಲಿನ ಬಟ್ಟಲಿನಿಂದ ಒಂದು ಚಿಟಿಕೆ ಭಂಡಾರ ತಂದರು.

"ತಮ್ಮಾ, ನೀ ಹೇಳಿದ್ದು ಆತು. ಈಗ ಇಲ್ಲಿ ಬಂದು ಕುಂತು ಇನ್ನೊಮ್ಮೆ ಹೇಳು."

"ಕಾಕಾ, ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಐತಿ ಅಂತನ ಕರೀತೀನಿ. ನಿಲ್ಲತೈತಿ ಅಂದ್ರ ನಿಲ್ಲತೈತಿ ಅನ್ನು. ಯಾರೂ ನಿನ್ನ ಬೈಯೂದಿಲ್ಲ."

ಮಾವ ಅವನಿಗೆ ಸುಳ್ಳಿನಿಂದ ಹೊರಗೆ ಬರಲು ಬಾಗಿಲು ತೆರೆದಿಟ್ಟರು ಎಂದು ನನಗೆ ತಿಳಿಯಿತು. ನಮ್ಮವನು, ಕಂಬಳಿ ಮುಟ್ಟಿದರೆ ಖರೆಯನ್ನೇ ಹೇಳುತ್ತಾನೆ ಎಂಬುದರಲ್ಲಿ ಅವರಿಗೆ ಕೂದಲೆಳೆಯಷ್ಟೂ ಸಂಶಯವಿರಲಿಲ್ಲ. ಅಂಥ ತಪ್ಪನ್ನು ಹಾಲುಮತದ ಮುದುಕರು ಮಾತ್ರ ಮಾಡಬಲ್ಲರು.

ಲೋಹಿತ ಬೂಟು ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕಂಬಳಿಯ ಮೇಲೆ ಕೂತ, ಅಂಗೈ ಚಾಚಿ ಭಂಡಾರ ಹಿಡಿದ. ಬೇಡವೋ, ಬೇಡವೋ ಎಂದು ನಾನು ಒಳಗೇ ಬಡಿದುಕೊಳ್ಳುತ್ತಿದ್ದೆ.

"ಕೆಲಸ ನಿಲ್ಲೂದಿಲ್ರಿ ಕಾಕಾ" ಎಂದ.

ಜನ ಭಂಡಾರ ಎರಚಿ ಏಳುಕೋಟಿ ಎಂದು ದೇವರ ಜಯಕಾರ ಕೂಗಿದರು. ಮಾವ ಕೂಗಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು, ಒಂದೇ ಗಳಿಗೆಯಲ್ಲಿ ಮುದುಕರಾದರು.

ನಾನು ಲೋಹಿತನ ಹಿಂದೆಯೇ ಗಾಡಿಯ ತನಕ ಹೋದೆ. ಬಾಗಿಲು ಹಾಕಲು ಬಿಡಲಿಲ್ಲ.

"ಬಾಟಲಿ ದಾರದ ಕಾರಿನ ಚಿತ್ರ ನಾನೂ ನೋಡೀನಿ. ಯಾವಾಗ ಮುಚ್ಚತೀರಿ?"

ಅವನು ಮುಖ ಎತ್ತಲಿಲ್ಲ. ಹಳದಿ ಅಂಟಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿ ಒರೆಸಿ ನೋಡಿಕೊಳ್ಳುತ್ತಿದ್ದ.

"ಇದ ಕಡೀ ಮಾಲು, ಅಕ್ಕಾ. ಇದು ಮುಗಿಯೂ ತನಕ ಖಬರ ಹೊರಗ ಬರಬಾರದಂತ. ಬಂದ್ರ ಮಂದಿ ಮಗ್ಗ ಬಿಡತಾರ, ಮಾಲು ಮುಟ್ಟೂದಿಲ್ಲ. ಮಾಲು ಮುಟ್ಟಿಸಿದವರನ್ನಷ್ಟ ನೌಕರಿಯಾಗ ಇಟ್ಟಕೋತಾರ."

"ಅದಕ್ಕ ಕಂಬಳಿ ಮ್ಯಾಲ ಕುಂತ್ಯಾ?"

"ಕುಂಡ್ರಬಾರದಂತ ಎಷ್ಟ ಮಾಡಿದೆ ನೋಡಿದ್ಯಲ್ಲಾ ಅಕ್ಕಾ. ಮೂವತ್ತು ಮಂದಿ ಮುಂದ ಕಾಕಾ ಕರದ್ರು. ನಾ ಏನ ಮಾಡ್ಲಿ?"

ಬಾರಿಸಬೇಕೆನಿಸಿತು. ಅವನು ಇನ್ನೂ ಅಂಗೈ ಒರೆಸುತ್ತಲೇ ಇದ್ದದ್ದು ನೋಡಿ ಅಳುವೂ ಬಂತು. ಗಾಡಿ ಗದಗಿನ ಕಡೆ ತಿರುಗಿತು.

ಒಳಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, ಮುಸ್ತಾಕನಿಗೆ ಫೋನು ಹಚ್ಚು ಎಂದರು. ಅಬ್ಬಾ, ಬುದ್ಧಿ ಬಂತು ಎಂದು ಹಚ್ಚಿಕೊಟ್ಟೆ.

"ಮುಸ್ತಾಕ, ನಮ್ಮ ಕುರಿ ಕೊಡೂದಿಲ್ಲಪಾ" ಎಂದು ಹೇಳಿ ಇಟ್ಟುಬಿಟ್ಟರು.

ನನ್ನ ಸಿಟ್ಟು ನೆತ್ತಿಗೇರಿತು. ನನ್ನ ಗಂಡ ಹೊನ್ನೇಶ ಶಿರಹಟ್ಟಿಯ ಬಯಲಿನಲ್ಲಿ ಆ ಕುರಿಗಳ ಹಿಂದೆ ಬಿಸಿಲು ತಿನ್ನುತ್ತಿದ್ದ. ಅವನ ದುಡಿಮೆಯನ್ನು ಇವರು ಒಂದು ಮಾತಿನಲ್ಲಿ ಕೆರೆಗೆ ಹಾಕಿದ್ದರು.

"ಸುಳ್ಳಂತ ಗೊತ್ತಿದ್ದೂ ಹಿಂಗ ಮಾಡ್ತೀರಲ್ಲ ಮಾವಾ! ನಿಮ್ಮ ಮಗ ಏನು ತಿನ್ನಬೇಕು?"

"ಕುರಿ ಕೊಟ್ರ ಊರು ಏನ ತಿಳೀತೈತಿ ಹೇಳು. ಮಾಳಿಂಗರಾಯ ನಂಬಲಿಲ್ಲ, ಹುಡುಗ ಕಂಬಳಿ ಮ್ಯಾಲ ಸುಳ್ಳ ಹೇಳ್ಯಾನ ಅಂತ ತಿಳೀತೈತಿ. ಆಮ್ಯಾಲ ಹನಮಂತವ್ವನ ಮನಿಗೆ ಯಾರು ಹೆಣ್ಣು ಕೊಡ್ತಾರ? ಅವರ ಮನಿ ನೀರು ಯಾರು ಕುಡೀತಾರ? ನಾವು ಸುಮ್ಮನಿದ್ರ ನಾಳೆ ಕಾರಿನವರು ಕೈ ಬಿಟ್ಟರು ಅಂತಾರ. ಹುಡುಗ ಉಳೀತಾನ."

"ಸುಳ್ಳ ಹೇಳಿದಂವ ಅಂವ. ನಾವ್ಯಾಕ ಸಾಯಬೇಕು?"

"ಕುಂಡ್ರಿಸಿದಂವ ನಾನು" ಎಂದರು ಮಾವ. "ಕುರ್ಚಿ ಮ್ಯಾಲ ಬಿಟ್ಟಿದ್ರ ಅಂವ ಬರೇ ಸುಳ್ಳ ಹೇಳಿರತಿದ್ದ."

ಅವರ ಮೇಲೆ ಸಿಟ್ಟೂ ಇತ್ತು, ಅವರ ಕಾಲು ಹಿಡಿಯಬೇಕೆಂದೂ ಅನಿಸಿತು. ಆ ಸಂಜೆ ಮನೆಯಲ್ಲಿ ಒಲೆ ಹೊತ್ತಿದರೂ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮುಂಜಾನೆ ಗೋದಾಮಿಗೆ ಹೋದರೆ ಮಗ್ಗಗಳು ನನಗಿಂತ ಮೊದಲೇ ಎದ್ದಿದ್ದವು. ಕಂಬಳಿಯ ಮೇಲೆ ಮಾತಾಗಿದೆ, ಇನ್ನೇನು ಭಯ ಎಂದು ಹೊಂಬಳದವರು ಹಾಡಿಕೊಂಡು ನೂಲುತ್ತಿದ್ದರು. ಮಾವ ಒಲ್ಲೆ ಎಂದದ್ದು ಕೇಳಿ ಊರಲ್ಲಿ ಒಬ್ಬರ ಹಿಂದೊಬ್ಬರು ಮುಸ್ತಾಕನಿಗೆ ಇಲ್ಲವೆಂದು ಹೇಳಿ ಕಳಿಸಿದ್ದರು. ಮಾವ ಮೂಲೆಯ ಮಗ್ಗದಲ್ಲಿ ತಲೆ ಬಗ್ಗಿಸಿ ಕೂತಿದ್ದರು. ತಮ್ಮ ಹಿಂಡೊಂದನ್ನೇ ಕಳೆದುಕೊಳ್ಳಲು ಹೊರಟಿದ್ದ ಅವರಿಗೆ, ಊರಿನ ಹಿಂಡುಗಳೂ ತಮ್ಮ ಹಿಂದೆಯೇ ಬಾವಿಗೆ ಬೀಳುತ್ತವೆಂದು ಹುಡುಗನ ಚಿಂತೆಯಲ್ಲಿ ಹೊಳೆದಿರಲಿಲ್ಲ. ಈಗ ಹೊಳೆದಿತ್ತು. ಲಾಳಿ ಎರಡು ಸಲ ಅವರ ಕೈಯಿಂದ ಜಾರಿ ಬಿತ್ತು.

ಬಸ್‌ ಸ್ಟ್ಯಾಂಡಿನ ಹತ್ತಿರ ಮುಸ್ತಾಕನ ಗಾಡಿ ಹಾರ್ನ್ ಹೊಡೆಯಿತು. ಒಂದು ಕುರಿಯೂ ಹತ್ತದಿದ್ದರೆ ಹೊಂಬಳಕ್ಕೆ ಹೋಗಿ ಅಲ್ಲಿಯೇ ತುಂಬಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದ. ಆಗ ಅಮೃತವ್ವ ಕದಿರು ಬಿಟ್ಟು ನನ್ನ ಹತ್ತಿರ ಬಂದಳು.

"ಮಂಜುಳಾ, ನನಗ ಗಂಡಸರ ದಿಕ್ಕಿಲ್ಲವ್ವಾ, ಅದಕ್ಕ ಕೇಳತೀನಿ. ನನ್ನ ಕುರಿ ಕೊಡೂದು ಬ್ಯಾಡ ಹೌದಲ್ಲೋ? ಕಂಬಳಿ ಮ್ಯಾಲ ಹೇಳ್ಯಾನ ಅಂದಮ್ಯಾಲ ಚಿಂತಿಲ್ಲ ಹೌದಲ್ಲೋ?"

ಹೌದು ಎನ್ನುವುದು ಒಂದೇ ಮಾತು. ಅಂದರೆ ಲೋಹಿತ ಉಳಿಯುತ್ತಾನೆ, ಮಾವನ ಮಾತು ಉಳಿಯುತ್ತದೆ. ಅವಳ ಸೆರಗಿನ ತೇಪೆ ನನ್ನ ಕಣ್ಣೆದುರೇ ಇತ್ತು. ಮಾವನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ತಲೆ ಆಡಿಸಲಿಲ್ಲ, ಬೇಡವೆನ್ನಲಿಲ್ಲ.

"ಕೊಡು ಅತ್ತಿ" ಎಂದೆ. "ಜಲ್ದಿ ಹೋಗಿ ಕೊಟ್ಟಬಿಡು."

"ಯಾಕ? ಹಂಗಾದ್ರ ಆ ಹುಡುಗ…" ಎಂದವಳು ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು.

ಪಕ್ಕದ ಮಗ್ಗ ನಿಂತಿತು. ಅದರ ಪಕ್ಕದ್ದು ನಿಂತಿತು. ಹೊಂಬಳದವರ ಹಾಡು ನಿಂತಿತು. ಮೊದಲು ಗಂಡಸೊಬ್ಬ ಎದ್ದು ಕಾರಿನ ಹಾಸಿನ ಮೇಲೆ ಉಗುಳಿದ. ಆಮೇಲೆ ಎಲ್ಲರೂ ಹಟ್ಟಿಗಳ ಕಡೆ ಓಡಿದರು. ಓಡುವವರ ಬಾಯಲ್ಲಿ ಹನಮಂತವ್ವನ ಮನೆತನದ ಹೆಸರು ಆಗಲೇ ಕೆಟ್ಟ ಮಾತಾಗಿತ್ತು. ಒಂದು ಮನೆ ಉಳಿಸಲು ಹೋಗಿ ಇನ್ನೊಂದಕ್ಕೆ ಬೆಂಕಿ ಇಟ್ಟಿದ್ದೆ.

ಮಾವ ಮಗ್ಗದ ಕುಣಿಯಿಂದ ಮೇಲೆ ಬಂದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಹೊನ್ನೇಶಗ ಫೋನ್ ಮಾಡು. ಗಾಡಿ ತಿರುಗಿ ಆ ಹಾದಿಲೆ ಹೋಗತೈತಿ, ನಮ್ಮವನ್ನೂ ಹತ್ತಸಲಿ. ಇನ್ನ ಮುಚ್ಚಿಡೂದು ಏನೈತಿ" ಎಂದು ರುಮಾಲು ಸುತ್ತಿಕೊಂಡು ರಸ್ತೆಯ ಕಡೆ ನಡೆದರು.

"ನೀವೆಲ್ಲಿಗೆ ಮಾವಾ?"

"ಮುಂಡರಗಿಗೆ. ಆ ತಾಯಿ ಇದನ್ನ ಊರ ಮಂದಿ ಬಾಯಿಂದ ಕೇಳಬಾರದು."